ಜಾಗ ಮೊದಲು ಹಿಡಿದವರು ಯಾರು? ಅಡುಗೆಮನೆಯ ಬ್ಯಾಕ್ಟೀರಿಯಾಗಳ ಪೈಪೋಟಿ

(ಮಹಿಳಾ ವೇದಿಕೆಯ ಮಾಸಿಕ ಕಾರ್ಯಕ್ರಮದಲ್ಲಿ ಮಾಡಿದ ಭಾಷಣದ ಬರಹರೂಪ)



ಐಟಿಯಲ್ಲಿರುವವರು ಅಡುಗೆಮನೆಯ ಬಗ್ಗೆ ಮಾತಾಡ್ತಾರೆ ಅಂತ ನನ್ನ ಪರಿಚಯ ಮಾಡಿದಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗಬೇಕಾದ್ದೇ. ನಾನು ಎಂ.ಟೆಕ್. ಮಾಡಿದ್ದು ಬಯೋಟೆಕ್ನಾಲಜಿಯಲ್ಲಿ, ಸಂಬಳ ಬರುತ್ತಿರುವುದು ಸಾಫ್ಟ್‌ವೇರ್‌ನಿಂದ. ನಮ್ಮ ಬ್ಯಾಚಿನ ಅರ್ಧ ಜನರದ್ದು ಇದೇ ಕಥೆ. ಪುಣೆಗೆ ಬಂದು ಹತ್ತು ವರ್ಷವಾಯಿತು, ಲ್ಯಾಬ್ ಕೋಟು ಮತ್ತೆ ಹಾಕಿಲ್ಲ. ಆದರೆ ಓದಿದ್ದು ದಿನಾ ಎದುರಿಗೆ ಬರುವ ಜಾಗ ಒಂದಿದೆ, ಅದು ಅಡುಗೆಮನೆ. ಅಲ್ಲಿ ಹೆಪ್ಪು ಹಾಕುತ್ತೇವೆ, ಹಿಟ್ಟು ರುಬ್ಬುತ್ತೇವೆ, ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡುತ್ತೇವೆ. ಈ ಮೂರೂ ಬ್ಯಾಕ್ಟೀರಿಯಾಗಳ ಜೊತೆಗಿನ ವ್ಯವಹಾರವೇ.

ಆಹಾರದಿಂದ ಕಾಯಿಲೆ ಬಂತು ಎಂದರೆ ನಾವು ಮೊದಲು ಕೇಳುವುದು "ಕ್ಲೀನಾಗಿತ್ತಾ?" ಅಂತ. ಕೇಳಬೇಕಾದ ಪ್ರಶ್ನೆಯೇ ಅದು, ಆದರೆ ಅಲ್ಲಿಗೇ ಮುಗಿಯುವುದಿಲ್ಲ. ಒಂದು ಚಮಚ ಮೊಸರಿನಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರುತ್ತವೆ, ಮಗುವಿಗೂ ತಿನ್ನಿಸುತ್ತೇವೆ. ಆಗಷ್ಟೇ ಬೆಂದ ಅನ್ನದಲ್ಲಿ ಹೆಚ್ಚುಕಡಿಮೆ ಏನೂ ಇರುವುದಿಲ್ಲ, ಅದನ್ನು ಹಾಗೇ ಇಡೀ ದಿನ ಹೊರಗಿಟ್ಟರೆ ಆಸ್ಪತ್ರೆ ಸೇರಬಹುದು. ಹಾಗಾಗಿ ಎಷ್ಟು ಬ್ಯಾಕ್ಟೀರಿಯಾ ಇವೆ ಅನ್ನುವುದಕ್ಕಿಂತ ಅಲ್ಲಿ ಯಾರು ಮೊದಲು ಜಾಗ ಹಿಡಿದಿದ್ದಾರೆ ಅನ್ನುವುದು ಮುಖ್ಯ. ಇವತ್ತು ನಾನು ಹೇಳಲಿರುವುದು ಈ ಜಾಗದ ಜಗಳದ ಬಗ್ಗೆ.

ಸ್ವಲ್ಪ ಲೆಕ್ಕ ಮಾಡೋಣ, ಹೆದರಬೇಡಿ, ಬರೀ ಗುಣಾಕಾರ. ಒಂದು ರೋಗಾಣು ಅರ್ಧ ಗಂಟೆಗೊಮ್ಮೆ ಎರಡಾಗುತ್ತದೆ ಎಂದುಕೊಳ್ಳಿ. ಬೆಚ್ಚಗಿನ ಹಾಲಿನಲ್ಲಿ ಇದು ಅತಿಶಯೋಕ್ತಿಯಲ್ಲ. ಒಂದು ಮಿಲಿಲೀಟರ್ ಹಾಲಿಗೆ ಹೇಗೋ ಹತ್ತು ಬಿದ್ದವು. ಅಲ್ಲಿ ಹಿಡಿಯುವುದು ಸುಮಾರು ನೂರು ಕೋಟಿ, ಅದಕ್ಕಿಂತ ಹೆಚ್ಚಿಗೆ ಜಾಗವೂ ಇಲ್ಲ, ಊಟವೂ ಇಲ್ಲ. ಬೇರೆ ಯಾರೂ ಇಲ್ಲದಿದ್ದರೆ ಹತ್ತರಿಂದ ನೂರು ಕೋಟಿಗೆ ಹೋಗಲು 13 ಗಂಟೆ ಚಿಲ್ಲರೆ ಸಾಕು. ರಾತ್ರಿ ಎಂಟಕ್ಕೆ ಶುರುವಾದರೆ ಬೆಳಿಗ್ಗೆ ತಿಂಡಿ ಹೊತ್ತಿಗೆ ಮನೆ ತುಂಬಿತು.

ಈಗ ಅದೇ ಹಾಲು ಅರ್ಧ ಲೀಟರ್, ಅದಕ್ಕೆ ಒಂದು ಚಮಚ ಒಳ್ಳೆಯ ಮೊಸರಿನ ಹೆಪ್ಪು. ಗ್ರಾಂಗೆ ಹತ್ತು ಕೋಟಿ ಅಂತ ಹಿಡಿದರೆ ಐದು ಗ್ರಾಂ ಚಮಚದಲ್ಲಿ 50 ಕೋಟಿ. ಅರ್ಧ ಲೀಟರಿಗೆ ಹಂಚಿದರೆ ಮಿಲಿಲೀಟರಿಗೆ ಹತ್ತು ಲಕ್ಷ. ಇವೂ ಅದೇ ವೇಗದಲ್ಲಿ ಬೆಳೆಯುತ್ತವೆ ಎಂದುಕೊಳ್ಳೋಣ. ಹತ್ತು ಲಕ್ಷ ನೂರು ಕೋಟಿಯಾಗಲು ಹತ್ತು ಬಾರಿ ಇಮ್ಮಡಿಯಾದರೆ ಆಯಿತು, ಐದೇ ಗಂಟೆ. ಅಷ್ಟರಲ್ಲಿ ನಮ್ಮ ಹತ್ತು ರೋಗಾಣು ಹತ್ತು ಸಾವಿರ ಆಗಿರುತ್ತವೆ. ಆಮೇಲೆ? ಆಮೇಲೆ ಎಲ್ಲರ ಬೆಳವಣಿಗೆಯೂ ನಿಲ್ಲುತ್ತದೆ. ಸರ್ವರ್‌ನಲ್ಲಿ ಇರುವ ಕನೆಕ್ಷನ್ನೆಲ್ಲ ಒಬ್ಬರೇ ಹಿಡಿದು ಕೂತರೆ ಉಳಿದವರ ಅಪ್ಲಿಕೇಶನ್ ಅಲ್ಲಾಡುವುದಿಲ್ಲವಲ್ಲ, ಹಾಗೆ. ನೂರು ಕೋಟಿ ಎಲ್ಲಿ, ಹತ್ತು ಸಾವಿರ ಎಲ್ಲಿ!

ಇದು ನನ್ನ ಕಲ್ಪನೆಯಲ್ಲ. 1962ರಲ್ಲಿ ಜೇಮ್ಸನ್ ಎಂಬ ವಿಜ್ಞಾನಿ ಸಾಲ್ಮೊನೆಲ್ಲಾ ಪತ್ತೆ ಮಾಡುವ ವಿಧಾನದ ಬಗ್ಗೆ ಬರೆಯುತ್ತ ಇದನ್ನು ವಿವರಿಸಿದ್ದರು. ಬೇರೆ ಬೇರೆ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆಯುವಾಗ ಬಹುಸಂಖ್ಯಾತರು ತಮ್ಮ ಗರಿಷ್ಠ ಮಟ್ಟ ಮುಟ್ಟಿದ ಕೂಡಲೇ ಅಲ್ಪಸಂಖ್ಯಾತರೂ ನಿಂತುಬಿಡುತ್ತಾರೆ. ಅದಕ್ಕೆ ಈಗ ಜೇಮ್ಸನ್ ಪರಿಣಾಮ ಎಂದೇ ಹೆಸರು. ಅವರಿಗೆ ಅದು ತಲೆನೋವಾಗಿತ್ತು ಅನ್ನುವುದು ತಮಾಷೆ. ರೋಗಿಯ ಮಾದರಿಯಲ್ಲಿ ಸಾಲ್ಮೊನೆಲ್ಲಾ ಇದ್ದರೂ ಉಳಿದವು ಮೊದಲೇ ತುಂಬಿಕೊಂಡರೆ ಅದು ಕಣ್ಣಿಗೇ ಬೀಳದೆ ಹೋಗಬಹುದು. ಹಾಗಾಗಿ ಲ್ಯಾಬ್‌ನವರು ಉಳಿದವರನ್ನು ಅದುಮಿಡುವ ರಾಸಾಯನಿಕ ಹಾಕಿ ಸಾಲ್ಮೊನೆಲ್ಲಾಗೆ ದಾರಿ ಬಿಟ್ಟುಕೊಡುತ್ತಾರೆ. ಅವರು ಬೇಕೆಂದೇ ಮಾಡುವ ಈ ಕೆಲಸವನ್ನು ನಾವು ಅಡುಗೆಮನೆಯಲ್ಲಿ ಗೊತ್ತಿಲ್ಲದೆ ಮಾಡುತ್ತೇವೆ. ಅದಕ್ಕೆ ಆಮೇಲೆ ಬರುತ್ತೇನೆ.

ಪೈಪೋಟಿ ಅಂದರೆ ಊಟ ಕಿತ್ತುಕೊಳ್ಳುವುದಷ್ಟೇ ಅಲ್ಲ. ಮೊಸರಿನ ಬ್ಯಾಕ್ಟೀರಿಯಾ ಹಾಲಿನ ಸಕ್ಕರೆಯನ್ನು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಹಾಲಿನ ಪಿಎಚ್ ಸುಮಾರು 6.6, ಗಟ್ಟಿಯಾಗಿ ಹೆತ್ತ ಮೊಸರಿನದು 4.5ರ ಆಸುಪಾಸು. ಅಷ್ಟು ಹುಳಿಯಲ್ಲಿ ಬಹುಪಾಲು ರೋಗಾಣುಗಳಿಗೆ ಬೆಳೆಯುವುದು ಕಷ್ಟ. ಕೆಲವು ಬ್ಯಾಕ್ಟೀರಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಪಕ್ಕದವರನ್ನು ಕೊಲ್ಲುವ ಪ್ರೋಟೀನನ್ನೇ ಬಿಡುತ್ತವೆ. ಹಾಲಿನ ಬ್ಯಾಕ್ಟೀರಿಯಾವೊಂದರ ಇಂಥ ಗುಣವನ್ನು 1928ರಲ್ಲೇ ಗಮನಿಸಿದ್ದರು, ಆ ವಸ್ತುವಿಗೆ ನೈಸಿನ್ ಎಂದು ಹೆಸರು. ಕೆಲವು ಪ್ರೊಸೆಸ್ಡ್ ಚೀಸ್‌ಗಳ ಲೇಬಲ್ ಮೇಲೆ 234 ಎಂಬ ಸಂಖ್ಯೆ ಕಂಡರೆ ಅದು ಇದೇ. "ಕೆಮಿಕಲ್" ಅಂತ ಮೂಗು ಮುರಿಯುವ ಮೊದಲು ಇದರ ತವರುಮನೆ ಹಾಲೇ ಅಂತ ನೆನಪಿರಲಿ.

ಇಡ್ಲಿ ಹಿಟ್ಟಿನಲ್ಲಿ ನಡೆಯುವುದೂ ಇದೇ, ಆದರೆ ಅಲ್ಲಿ ಹೆಪ್ಪು ಹಾಕುವವರಿಲ್ಲ. ಉದ್ದಿನಬೇಳೆ, ಅಕ್ಕಿಯ ಜೊತೆಯೇ ಬಂದವರು ಸರದಿಯಲ್ಲಿ ಅಧಿಕಾರಕ್ಕೆ ಬರುತ್ತಾರೆ. ಮೊದಲು ಲ್ಯೂಕೊನಾಸ್ಟಾಕ್ ಎಂಬ ಬ್ಯಾಕ್ಟೀರಿಯಾ ಗಾಳಿ ಬಿಟ್ಟು ಹಿಟ್ಟು ಉಬ್ಬಿಸುತ್ತದೆ, ಹುಳಿ ಏರಿದಂತೆ ಅದಕ್ಕಿಂತ ಹುಳಿ ತಡೆಯುವವರು ಮುಂದೆ ಬರುತ್ತಾರೆ. 1965ರಲ್ಲಿ ಅಮೆರಿಕದಲ್ಲಿ ಮುಖರ್ಜಿ, ಸ್ಟೈನ್‌ಕ್ರಾಸ್ ಮುಂತಾದವರು ಇಡ್ಲಿ ಹಿಟ್ಟನ್ನು ಹೀಗೆ ಹಂತಹಂತವಾಗಿ ಪರೀಕ್ಷಿಸಿ ಪ್ರಕಟಿಸಿದ್ದರು. ನಮ್ಮ ಅಜ್ಜಿಯಂದಿರಿಗೆ ಇದೆಲ್ಲ ಗೊತ್ತಿತ್ತು ಅಂತ ನಾನು ಹೇಳುವುದಿಲ್ಲ. ಗೊತ್ತಿರಲಿಲ್ಲ. ಅವರಿಗೆ ವಾಸನೆ ಗೊತ್ತಿತ್ತು, ಹೊತ್ತು ಗೊತ್ತಿತ್ತು, ಸಾಕಾಗುತ್ತಿತ್ತು.

ಈಗ ಅನ್ನಕ್ಕೆ ಬರೋಣ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಿಂದಲೇ ಬಂದು ಕೂತಿರುತ್ತದೆ. ಕಷ್ಟಕಾಲದಲ್ಲಿ ಇದು ಸ್ಪೋರ್ ಎಂಬ ಗಟ್ಟಿ ಬೀಜದ ರೂಪ ತಾಳುತ್ತದೆ, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಅನ್ನ ಬೆಂದಾಗ ಉಳಿದ ಪೈಪೋಟಿದಾರರೆಲ್ಲ ಸತ್ತರು, ಇದೊಂದು ಉಳಿಯಿತು. ಮೇಲಿಂದ ಆ ಬಿಸಿಯೇ ಇದನ್ನು ನಿದ್ದೆಯಿಂದ ಎಬ್ಬಿಸುತ್ತದೆ. ಎದ್ದು ನೋಡಿದರೆ ಬೆಚ್ಚಗಿನ ಅನ್ನ, ಖಾಲಿ ಮೈದಾನ! ಲ್ಯಾಬ್‌ನವರು ಸಾಲ್ಮೊನೆಲ್ಲಾಗೆ ದಾರಿ ಬಿಟ್ಟಂತೆ ನಾವು ಇದಕ್ಕೆ ದಾರಿ ಬಿಟ್ಟಾಯಿತು. ಹೊರಗೆ ಹಾಗೇ ಗಂಟೆಗಟ್ಟಲೆ ಇಟ್ಟ ಅನ್ನದಲ್ಲಿ ಇದು ವಾಂತಿ ತರಿಸುವ ವಿಷ ಮಾಡುತ್ತದೆ, ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವುದಿಲ್ಲ. ಬೆಳಿಗ್ಗೆ ಒಗ್ಗರಣೆಯಲ್ಲಿ ಚೆನ್ನಾಗಿ ಹುರಿದೆ ಅಂದರೆ ಬ್ಯಾಕ್ಟೀರಿಯಾ ಸತ್ತಿರಬಹುದು, ವಿಷ ಅಲ್ಲೇ ಇರುತ್ತದೆ. 1970ರ ದಶಕದಲ್ಲಿ ಬ್ರಿಟನ್ನಿನ ಚೈನೀಸ್ ಹೋಟೆಲುಗಳ ಫ್ರೈಡ್ ರೈಸ್‌ನಿಂದ ಈ ಕಾಯಿಲೆ ಬೆಳಕಿಗೆ ಬಂತು. ಕಾರಣ ಇಷ್ಟೇ, ಬೇಯಿಸಿದ ಅನ್ನ ರಾತ್ರಿಯಿಡೀ ಹೊರಗೆ, ಮರುದಿನ ಹುರಿಯುವುದು. ನಮ್ಮ ಚಿತ್ರಾನ್ನದ ವಿಧಾನವೇ.

ಇದಕ್ಕೆ ಹೋಲಿಸಿ ನೋಡಿದರೆ ನಮ್ಮ ಪ್ರಯಾಣದ ಮೊಸರನ್ನ ಬಹಳ ಜಾಣ ಅಡುಗೆ. ಹುಬ್ಬಳ್ಳಿ ಕಡೆ ರೈಲು ಹತ್ತುವ ದಿನ ನಮ್ಮತ್ತೆ ಈಗಲೂ ಹಾಗೇ ಮಾಡುತ್ತಾರೆ. ಅನ್ನ ಮೆತ್ತಗೆ ಮಾಡಿ, ಕಾಯಿಸಿದ ಹಾಲು ಧಾರಾಳವಾಗಿ ಹಾಕಿ, ಮೊಸರು ಸ್ವಲ್ಪವೇ. ಮಧ್ಯಾಹ್ನ ಡಬ್ಬಿ ತೆಗೆಯುವ ಹೊತ್ತಿಗೆ ಅಲ್ಲೇ ಹೆತ್ತಿರುತ್ತದೆ, ಹುಳಿಯೂ ಅತಿಯಾಗಿರುವುದಿಲ್ಲ. ರುಚಿಗಾಗಿ ಮಾಡಿದ್ದೇ ಆದರೂ ನಡೆಯುವುದು ಖಾಲಿ ಮೈದಾನಕ್ಕೆ ಕಾವಲು ಕಳಿಸುವ ಕೆಲಸ. ಪಿಎಚ್ 5ರ ಕೆಳಗೆ ಇಳಿದರೆ ಬ್ಯಾಸಿಲಸ್ ಸೀರಿಯಸ್‌ಗೆ ಬೆಳೆಯುವುದು ಬಹಳ ಕಷ್ಟ. ಆದರೆ ಎರಡು ಮಾತು. ಆವಿ ಏಳುವ ಬಿಸಿ ಅನ್ನಕ್ಕೆ ಮೊಸರು ಕಲಸಿದರೆ ಸಾಯುವುದು ಕಾವಲುಗಾರರೇ, ಸ್ಪೋರ್ ಅಲ್ಲ. ಕೈಗೆ ಹಿತವಾದ ಬಿಸಿ ಇರುವಾಗ ಕಲಸಬೇಕು. ಮತ್ತೆ, ಹುಳಿಯಾಗಬಾರದು ಅಂತ ಎರಡೇ ಹನಿ ಮೊಸರು ಹಾಕುವ ಜಿಪುಣತನ ಬೇಡ. ಮೊದಲು ಹೇಳಿದ ಲೆಕ್ಕದಲ್ಲಿ ಗೆದ್ದವರು ವೇಗದಿಂದ ಗೆಲ್ಲಲಿಲ್ಲ, ಮೊದಲೇ ಹತ್ತು ಲಕ್ಷ ಇದ್ದದ್ದರಿಂದ ಗೆದ್ದರು.

ಈಗ ಒಂದು ಮನೆಯ ವಿಷಯ. ಮೂರು ವರ್ಷದ ಹಿಂದೆ ನಮ್ಮ ಸಂಬಂಧಿಕರ ಗೃಹಪ್ರವೇಶ. ಒಂದು ಗಂಟೆಗೆ ಊಟ, ನಾಲ್ಕರ ಹೊತ್ತಿಗೆ ವಾಂತಿ ಶುರು. ಇಪ್ಪತ್ತಕ್ಕೂ ಹೆಚ್ಚು ಜನ, ಅದರಲ್ಲಿ ಆಗ ಐದು ವರ್ಷದವಳಾಗಿದ್ದ ನನ್ನ ಮಗಳೂ ಒಬ್ಬಳು. ರಾತ್ರಿ ಅವಳಿಗೆ ಡ್ರಿಪ್ ಹಾಕಿಸಿಕೊಂಡು ಕೂತಿದ್ದಾಗ ಫೋನಿನಲ್ಲಿ ಆಗಲೇ ತೀರ್ಪು ಬಂದಿತ್ತು: ಮಜ್ಜಿಗೆ ಹುಳಿಯಾಗಿತ್ತು, ಅದರಿಂದಲೇ ಆದದ್ದು. ಮಜ್ಜಿಗೆ ಮಾಡಿದ್ದು ನಮ್ಮ ದೊಡ್ಡಮ್ಮ. ಎಪ್ಪತ್ತು ದಾಟಿದವರು, ಯಾವ ಸಮಾರಂಭದಲ್ಲೂ ಮಜ್ಜಿಗೆ ಅವರದೇ. ಅವರು ಏನೂ ಹೇಳಲಿಲ್ಲ.

ನನಗೆ ಲೆಕ್ಕ ಹೊಂದಲಿಲ್ಲ. ಐಟಿಯವಳು, ಎಕ್ಸೆಲ್ ತೆರೆದೆ. ಎರಡು ದಿನ ಫೋನ್ ಮಾಡಿ ಯಾರು ಏನೇನು ತಿಂದರು ಅಂತ ಕೇಳಿ ತುಂಬಿಸಿದೆ. ಮಜ್ಜಿಗೆ ಕುಡಿದವರಲ್ಲಿ ಆರಾಮಾಗಿದ್ದವರೇ ಹೆಚ್ಚು. ವಾಂತಿಯಾದವರೆಲ್ಲ ಪೇಡಾ ತಿಂದಿದ್ದರು, ಪೇಡಾ ಮುಟ್ಟದವರಿಗೆ ಯಾರಿಗೂ ಏನೂ ಆಗಿರಲಿಲ್ಲ. ಪೇಡಾ ಹೊರಗಿನಿಂದ ತರಿಸಿದ್ದು, ಹಿಂದಿನ ದಿನ ಕೈಯಲ್ಲಿ ಕಟ್ಟಿ ರಾತ್ರಿಯೆಲ್ಲ ಹೊರಗಿಟ್ಟದ್ದು. ಲ್ಯಾಬ್ ಪರೀಕ್ಷೆ ಆಗಲಿಲ್ಲ, ಆದ್ದರಿಂದ ಸಾಬೀತಾಯಿತು ಅನ್ನುವುದಿಲ್ಲ. ಆದರೆ ಎರಡು ಮೂರು ಗಂಟೆಯಲ್ಲಿ ವಾಂತಿ, ಜ್ವರ ಇಲ್ಲ, ಹಾಲಿನ ಸಿಹಿ, ಕೈ ಮುಟ್ಟಿದ್ದು, ಬೆಚ್ಚಗೆ ಇಟ್ಟದ್ದು — ಪುಸ್ತಕದಲ್ಲಿ ಇದರ ಮುಂದೆ ಬರೆದಿರುವ ಹೆಸರು ಸ್ಟೆಫಿಲೊಕಾಕಸ್ ಆರಿಯಸ್.

ಈ ಸ್ಟೆಫಿಲೊಕಾಕಸ್ ನಮ್ಮ ಮೂಗಿನಲ್ಲಿ, ಚರ್ಮದ ಮೇಲೆ, ಗಾಯಗಳಲ್ಲಿ ಇರುತ್ತದೆ. ಆಹಾರದಲ್ಲಿ ಅದು ಬಡಪಾಯಿ, ಬೇರೆಯವರ ಜೊತೆ ಪೈಪೋಟಿ ಮಾಡಿ ಗೆಲ್ಲುವ ತಾಕತ್ತು ಕಡಿಮೆ. ಹಸಿ ಪದಾರ್ಥದಲ್ಲಿ, ಹುಳಿ ಬಂದ ಮಜ್ಜಿಗೆಯಲ್ಲಿ ಅದರ ಆಟ ನಡೆಯುವುದಿಲ್ಲ. ಆದರೆ ಖೋವಾ ಕಾಯಿಸುವಾಗ ಪೈಪೋಟಿದಾರರು ಸಾಯುತ್ತಾರೆ, ಸಕ್ಕರೆ ಹಾಕಿದ್ದರಿಂದ ಆಮೇಲೆ ಬಂದವರಿಗೂ ನೀರು ಸಾಲದು. ಸ್ಟೆಫಿಲೊಕಾಕಸ್‌ಗೆ ಮಾತ್ರ ಸಕ್ಕರೆ, ಉಪ್ಪು ಹೆಚ್ಚಿದ್ದರೂ ನಡೆಯುತ್ತದೆ. ಆಗ ಉಂಡೆ ಕಟ್ಟುವ ಕೈಯಿಂದ ಅದು ಬಂದು ಸೇರಿಕೊಂಡರೆ ಕೇಳುವವರಿಲ್ಲ. ಇದರ ವಿಷವೂ ಕುದಿಸಿದರೆ ಹೋಗುವಂಥದ್ದಲ್ಲ. ಅಂದರೆ ಆ ಊಟದಲ್ಲಿ ಅತ್ಯಂತ ಹೆಚ್ಚು ಬ್ಯಾಕ್ಟೀರಿಯಾ ಇದ್ದ ಪದಾರ್ಥದ ಮೇಲೆ ಅಪವಾದ ಬಂತು, ಬಹುಶಃ ಅದೇ ಅಲ್ಲಿ ಅತ್ಯಂತ ಕ್ಷೇಮವಾದದ್ದಾಗಿತ್ತು.

ದೊಡ್ಡಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಸ್ಪೋರು, ಸ್ಟೆಫಿಲೊಕಾಕಸ್ಸು ಅವರಿಗೆ ಬೇಕಿರಲಿಲ್ಲ. "ಅಷ್ಟು ಹೇಳಿದೆಯಲ್ಲ, ಸಾಕು ಬಿಡೇ" ಅಂದರು. ಆಮೇಲಿನ ಎರಡು ಸಮಾರಂಭಗಳಲ್ಲಿ ಮಜ್ಜಿಗೆ ಪ್ಯಾಕೆಟ್‌ನದೇ ಬಂತು.

ಖಾಲಿ ಮೈದಾನದ ವಿಷಯಕ್ಕೆ ಇನ್ನೊಂದು ನಿದರ್ಶನ ಕೊಡಲೇಬೇಕು, ನನಗೆ ಬಹಳ ಇಷ್ಟವಾದದ್ದು. ಫಿನ್‌ಲ್ಯಾಂಡ್‌ನಲ್ಲಿ 1970ರ ದಶಕದ ಆರಂಭದಲ್ಲಿ ಕೋಳಿ ಸಾಕಣೆಯಲ್ಲಿ ಸಾಲ್ಮೊನೆಲ್ಲಾ ಹಾವಳಿಯಾಯಿತು. ನುರ್ಮಿ, ರಂತಾಲ ಎಂಬ ವಿಜ್ಞಾನಿಗಳು ಗಮನಿಸಿದ್ದೇನೆಂದರೆ ಇನ್‌ಕ್ಯುಬೇಟರಿನಲ್ಲಿ ಒಡೆದು ಬಂದ ಮರಿಗೆ ತಾಯಿಯ ಸಂಪರ್ಕವೇ ಇಲ್ಲ. ಅದರ ಕರುಳು ಖಾಲಿ, ಕೆಲವೇ ಸಾಲ್ಮೊನೆಲ್ಲಾ ಹೊಕ್ಕರೂ ನೆಲೆಯೂರುತ್ತವೆ. ಆರೋಗ್ಯವಂತ ದೊಡ್ಡ ಕೋಳಿಯ ಕರುಳಿನ ಬ್ಯಾಕ್ಟೀರಿಯಾವನ್ನು ಹುಟ್ಟಿದ ತಕ್ಷಣ ಮರಿಗೆ ಕೊಟ್ಟರು, ಸೋಂಕು ತಡೆಯುವ ಶಕ್ತಿ ಬಂತು. 1973ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಇನ್‌ಕ್ಯುಬೇಟರಿನ ಮರಿಗೂ ಆಗಷ್ಟೇ ಬೆಂದ ಅನ್ನಕ್ಕೂ ಒಂದೇ ತೊಂದರೆ ನೋಡಿ.

ಇಷ್ಟು ಕೇಳಿ "ಹಾಗಾದರೆ ಒಳ್ಳೆ ಬ್ಯಾಕ್ಟೀರಿಯಾ ತುಂಬಿಸಿದರೆ ಆಯಿತು" ಅಂದುಕೊಳ್ಳಬೇಡಿ. ಇಲ್ಲಿ ಪುಣೆಯಲ್ಲಿ ಮಟಕಿ ಮೊಳಕೆ ಮನೆಮನೆಯಲ್ಲೂ ಇದೆ, ಡಯಟ್ ಅಂತ ಹಸಿಯಾಗಿ ತಿನ್ನುವವರು ನಮ್ಮ ಆಫೀಸಿನಲ್ಲೇ ಎಷ್ಟೋ ಜನ. ಮೊಳಕೆ ಕಾಳಿನಲ್ಲಿ ಸಹಜ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಇರುತ್ತವೆ, ಆದರೂ ರೋಗಾಣು ಅಲ್ಲಿ ಬೆಳೆಯುತ್ತದೆ. ಯಾಕೆಂದರೆ ಎಲ್ಲರೂ ಒಟ್ಟಿಗೆ, ಕಡಿಮೆ ಸಂಖ್ಯೆಯಿಂದಲೇ ಓಟ ಶುರು ಮಾಡುತ್ತಾರೆ, ಮುಂದಿರುವವರು ಯಾರೂ ಇಲ್ಲ, ಹುಳಿಯೂ ಇಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿಗೆ ಸುಮಾರು 3,800 ಜನ ಕಾಯಿಲೆ ಬಿದ್ದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಮೊಳಕೆಯನ್ನು ಉಸಳ್ ಮಾಡಿ ತಿನ್ನಿ, ಇಲ್ಲಿನವರು ಚೆನ್ನಾಗಿಯೇ ಮಾಡುತ್ತಾರೆ.

ಇನ್ನೊಂದು ಮಿತಿ: ಪೈಪೋಟಿ ಬೆಳವಣಿಗೆ ನಿಲ್ಲಿಸುತ್ತದೆ, ಕೊಲ್ಲುತ್ತದೆ ಎಂಬ ಖಾತ್ರಿ ಇಲ್ಲ. ಇ. ಕೋಲಿಯ ಕೆಲವು ತಳಿಗಳು ನೂರಕ್ಕಿಂತ ಕಡಿಮೆ ಹೊಟ್ಟೆಗೆ ಹೋದರೂ ಸಾಕು, ಅವು ಹುಳಿಯಲ್ಲೂ ಜೀವ ಹಿಡಿದುಕೊಂಡಿರುತ್ತವೆ. ಕಾಯಿಸದ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಎಲ್ಲವನ್ನೂ ನೋಡಿಕೊಳ್ಳುತ್ತದೆ ಅನ್ನುವುದು ತಪ್ಪು. ಮೊದಲು ಕಾಯಿಸಿ ಮೈದಾನ ಖಾಲಿ ಮಾಡಬೇಕು, ಆಮೇಲೆ ತಡಮಾಡದೆ ನಮ್ಮವರನ್ನು ಬಿಡಬೇಕು.

ಫ್ರಿಜ್ ಇದ್ದರೆ ಆಯಿತಲ್ಲ ಅಂತ ಕೇಳಬಹುದು. ಫ್ರಿಜ್ ಬಹುತೇಕ ಎಲ್ಲರ ಓಟವನ್ನೂ ನಿಧಾನ ಮಾಡುತ್ತದೆ, ಹಾಗಾಗಿ ಖಂಡಿತ ಬಳಸಿ. ಆದರೆ ಲಿಸ್ಟೀರಿಯಾ ಎಂಬುದೊಂದಿದೆ, 4 ಡಿಗ್ರಿಯಲ್ಲೂ ನಿಧಾನವಾಗಿ ಬೆಳೆಯುತ್ತದೆ. ಪೈಪೋಟಿದಾರರೆಲ್ಲ ಚಳಿಗೆ ಮುದುಡಿ ಕೂತಾಗ ಅದಕ್ಕೆ ಅವಕಾಶ. ದಕ್ಷಿಣ ಆಫ್ರಿಕಾದಲ್ಲಿ 2017–18ರಲ್ಲಿ ಸಂಸ್ಕರಿಸಿದ ಮಾಂಸದಿಂದ ಸಾವಿರಕ್ಕೂ ಹೆಚ್ಚು ಜನರಿಗೆ ಲಿಸ್ಟೀರಿಯಾ ಸೋಂಕಾಯಿತು, ಇನ್ನೂರಕ್ಕೂ ಹೆಚ್ಚು ಸಾವು, ನವಜಾತ ಶಿಶುಗಳು ಬಹಳ. ನಮ್ಮ ವೇದಿಕೆಯಲ್ಲಿ ಬಸುರಿಯರಿದ್ದಾರೆ, ಅವರಿಗಾಗಿ ಹೇಳುತ್ತಿದ್ದೇನೆ: ಫ್ರಿಜ್‌ನಲ್ಲಿ ದಿನಗಟ್ಟಲೆ ಇದ್ದ ರೆಡಿ ಪದಾರ್ಥಗಳನ್ನು ಹಾಗೇ ತಿನ್ನಬೇಡಿ, ಚೆನ್ನಾಗಿ ಕುದಿಸಿ. ಲಿಸ್ಟೀರಿಯಾ ಬಿಸಿಗೆ ಸಾಯುತ್ತದೆ, ಅದೊಂದು ಸಮಾಧಾನ.

ಮನೆಯಿಂದ ದೋಸೆ ಹಿಟ್ಟು ಮಾರುವ ಗೆಳತಿಯರು ಇಲ್ಲಿದ್ದಾರೆ, ಅವರ ಕಷ್ಟ ನನಗೆ ಗೊತ್ತು. ಗಿರಾಕಿಗೆ ಹಿಟ್ಟು ಉಬ್ಬಿರಬೇಕು, ಹುಳಿಯಿರಬಾರದು, ನಾಲ್ಕು ದಿನ ಬರಬೇಕು. ಡಿಸೆಂಬರಿನ ಚಳಿಯಲ್ಲಿ ಹಿಟ್ಟು ಏಳುವುದೇ ಇಲ್ಲ, ಆಗ ಕೈ ಸೋಡಾ ಡಬ್ಬಿಗೆ ಹೋಗುತ್ತದೆ. ಹುಯ್ಯುವ ಮೊದಲು ಚಿಟಿಕೆ ಸೋಡಾ ಹಾಕಿದರೆ ಅಡ್ಡಿಯಿಲ್ಲ, ಕೂಡಲೇ ಬೇಯುತ್ತದಲ್ಲ. ಆದರೆ ಸೋಡಾ ಹಾಕಿ ಪ್ಯಾಕ್ ಮಾಡಿ ಮಾರಿದರೆ ಸೋಡಾ ಹುಳಿಯನ್ನು ಮುರಿಯುತ್ತದೆ, ಅಂದರೆ ಕಾವಲನ್ನು ನೀವೇ ತೆಗೆದಂತೆ. ಅದಕ್ಕಿಂತ ಹಿಂದಿನ ದಿನದ ಒಳ್ಳೆಯ ಹಿಟ್ಟು ಒಂದು ಸೌಟು ಬೆರೆಸಿ, ಪಾತ್ರೆಯನ್ನು ಬೆಚ್ಚಗಿನ ಜಾಗದಲ್ಲಿಡಿ. ಮೊದಲು ಪೂರ್ತಿ ಹುದುಗಲಿ, ಆಮೇಲೆ ಫ್ರಿಜ್‌ಗೆ ಹೋಗಲಿ.

ರಾಜ್ಯೋತ್ಸವದ ಊಟದ ಪಟ್ಟಿಯನ್ನು ಅಧ್ಯಕ್ಷರು ನನಗೆ ಕಳಿಸಿ ಅಭಿಪ್ರಾಯ ಕೇಳಿದ್ದರು, ಎಲ್ಲರ ಎದುರಿಗೇ ಹೇಳುತ್ತೇನೆ. ಇಡ್ಲಿ, ಮೊಸರನ್ನ, ಮಜ್ಜಿಗೆಯ ಬಗ್ಗೆ ನನಗೆ ಚಿಂತೆಯಿಲ್ಲ. ಚಿಂತೆ ಇರುವುದು ಕಾಯಿಚಟ್ನಿ, ಕೋಸಂಬರಿ, ಪುಲಾವ್, ಹಾಲಿನ ಸಿಹಿ, ಈ ನಾಲ್ಕರ ಬಗ್ಗೆ. ಚಟ್ನಿ, ಕೋಸಂಬರಿಗೆ ಬೇಯಿಸುವುದೂ ಇಲ್ಲ, ಹುದುಗುವುದೂ ಇಲ್ಲ. ಎರಡನ್ನೂ ಕಾರ್ಯಕ್ರಮ ಮುಗಿಯುವ ಹೊತ್ತಿಗೆ, ಎರಡು ಕಂತಿನಲ್ಲಿ ಮಾಡಿಸೋಣ. ಪುಲಾವ್ 60 ಡಿಗ್ರಿಗಿಂತ ಬಿಸಿಯಲ್ಲೇ ಇರಲಿ. ಇಲ್ಲದಿದ್ದರೆ ಎರಡು ಗಂಟೆಯೊಳಗೆ ಖಾಲಿಯಾಗಲಿ, ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯೂ ಅದೇ. ಖೋವಾ ಸಿಹಿಯ ಬದಲು ಹೋಳಿಗೆ ಅಥವಾ ಮೈಸೂರು ಪಾಕ್ ಮಾಡಿಸಿ. ಭಾಷಣಗಳು ಉದ್ದವಾದರೆ ಪುಲಾವ್ ಕಾಯುತ್ತದೆ, ಕಾರ್ಯದರ್ಶಿಗಳು ಅತಿಥಿಗಳಿಗೆ ಮೊದಲೇ ಹೇಳಿಬಿಡಿ.

ನನ್ನದೂ ಉದ್ದವಾಯಿತು. ಪ್ರಶ್ನೆಗಳಿದ್ದರೆ ಕೇಳಿ, ಹಿಟ್ಟಿನ ಬಗ್ಗೆ ಕೇಳುವವರು ಊಟದ ಹೊತ್ತಿಗೂ ಕೇಳಬಹುದು.